ಚೀಲ ಎಣಿಸುವವರು ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಲಿ

ಏಪ್ರಿಲ್ ಬಂತೆಂದರೆ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ಶುರು, ಮಧ್ಯಾಹ್ನ 1.30ಕ್ಕೆ ಬಂದ್. ಏಪ್ರಿಲ್, ಮೇ ಎರಡೂ ತಿಂಗಳು ಹೀಗೇ. ಇದು ಸರಿಯಾದ ನಿರ್ಧಾರ, ನನ್ನದೇನೂ ತಕರಾರಿಲ್ಲ. ಫ್ಯಾನಿನ ಕೆಳಗೆ ಕೂತು ಕಡತ ನೋಡುವವರಿಗೂ ಈ ಬಿಸಿಲು ತಡೆಯುವುದಿಲ್ಲ ಎಂದು ಸರ್ಕಾರವೇ ಒಪ್ಪಿಕೊಂಡ ಹಾಗಾಯಿತು. ನಾನು ಕೇಳುವುದು ಇಷ್ಟು: ಅದೇ ಕಲಬುರಗಿಯ ಕಪನೂರು, ನಂದೂರು-ಕೆಸರಟಗಿ ಕೈಗಾರಿಕಾ ಪ್ರದೇಶಗಳಲ್ಲಿ, ಕಾಳುಕಡಿ ಮಾರುಕಟ್ಟೆಯಾದ ಗಂಜಿನಲ್ಲಿ ಚೀಲ ಹೊರುವ ಹಮಾಲರಿಗೆ, ದಾಲ್‌ಮಿಲ್ಲಿನ ಅಂಗಳದಲ್ಲಿ ಎಣ್ಣೆ ಸವರಿದ ತೊಗರಿ ಹರವಿ ಕೈಯಾಡಿಸುವ ಹೆಣ್ಣುಮಕ್ಕಳಿಗೆ ಜನವರಿಯಲ್ಲಿ ಎಷ್ಟು ಕೆಲಸ ಹೇಳಿದ್ದರೋ ಮೇ ತಿಂಗಳಲ್ಲೂ ಅಷ್ಟೇ ಯಾಕೆ?

ಕೆಲಸ ಅಳೆಯುವುದೇ ನನ್ನ ಕಸುಬು. ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಓದಿ, ಹೊರಗಿನ ಫ್ಯಾಕ್ಟರಿಗಳಲ್ಲಿ ಕೈಯಲ್ಲಿ ಸ್ಟಾಪ್‌ವಾಚ್, ಎದೆಗೆ ಒತ್ತಿ ಹಿಡಿದ ಬೋರ್ಡು, ಅದರ ಮೇಲೊಂದು ಹಾಳೆ, ಹೀಗೆ ನಿಂತು ಅನ್ನ ತಿಂದವನು. ಈಗ ಊರಿಗೆ ಬಂದು ಸಣ್ಣ ಕಾರ್ಖಾನೆಗಳಿಗೆ ಸಲಹೆ ಕೊಡುತ್ತೇನೆ. ಸ್ಟಾಪ್‌ವಾಚ್ ಅಂದರೆ ಕಾರ್ಮಿಕರ ವೈರಿ ಎಂದು ಯೂನಿಯನ್ನಿನ ಗೆಳೆಯರು ಹೇಳುವಾಗ ನನಗೆ ಸಿಟ್ಟು ಬರುವುದಿಲ್ಲ, ಯಾಕೆಂದರೆ ಅವರ ಮಾತಿಗೆ ನೂರು ವರ್ಷಕ್ಕೂ ಹಳೆಯ ಆಧಾರವಿದೆ. ಆದರೂ ಅಳತೆಯೇ ಬೇಡ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅಳತೆ ಇಲ್ಲದ ಕಡೆ ಆಳುಗಳ ಮೇಲೆ ನಿಂತ ಮುಕಾದಮನ ಬಾಯೇ ಅಳತೆ. ನಿನ್ನೆ ಮುನ್ನೂರು ಚೀಲ ಆಗಿದ್ದರೆ ಇವತ್ತು ಮುನ್ನೂರೈವತ್ತು ಯಾಕಾಗಬಾರದು ಅನ್ನುತ್ತಾನೆ. ಅದಕ್ಕೆ ಎದುರು ಹೇಳಲು ಹಮಾಲರ ಕೈಯಲ್ಲಿ ಒಂದು ತುಂಡು ಕಾಗದವೂ ಇರುವುದಿಲ್ಲ.

ಮೊದಲು ಆ ಹಳೆಯ ಕಥೆ ಹೇಳಿಬಿಡುತ್ತೇನೆ. ನಮ್ಮ ಹಮಾಲರಿಗೆ ಅದು ನೇರವಾಗಿ ತಟ್ಟುವ ಕಥೆ. 1899ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಬೆತ್ಲಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಬೀಡುಕಬ್ಬಿಣದ ಗಟ್ಟಿಗಳನ್ನು ಹೊತ್ತು ಹಲಗೆ ಏರಿ ರೈಲು ವ್ಯಾಗನ್ನಿಗೆ ಹಾಕುವ ಕೆಲಸ ನಡೆಯುತ್ತಿತ್ತು. ಒಂದೊಂದು ಗಟ್ಟಿ 92 ಪೌಂಡ್, ನಮ್ಮ ಲೆಕ್ಕದಲ್ಲಿ ಸುಮಾರು 42 ಕೆ.ಜಿ. ದಿನಕ್ಕೆ ಒಬ್ಬ ಆಳು ಹೊರುತ್ತಿದ್ದದ್ದು ಹನ್ನೆರಡೂವರೆ ಟನ್. ಫ್ರೆಡರಿಕ್ ಟೇಲರ್ ಎಂಬ ಎಂಜಿನಿಯರ್ ಗಡಿಯಾರ ಹಿಡಿದು ಅದನ್ನು ನಲವತ್ತೇಳೂವರೆ ಟನ್ನಿಗೆ ಏರಿಸಿದ. ಕೂಲಿ 1.15 ಡಾಲರ್‌ನಿಂದ 1.85ಕ್ಕೆ ಏರಿತು. ಕೆಲಸ ಹೆಚ್ಚುಕಡಿಮೆ ನಾಲ್ಕು ಪಟ್ಟು, ಕೂಲಿ ಒಂದೂ ಮುಕ್ಕಾಲು ಪಟ್ಟೂ ಇಲ್ಲ. ಅಲ್ಲಿದ್ದ 75 ಜನರಲ್ಲಿ ಎಂಟಕ್ಕೊಬ್ಬ ಮಾತ್ರ ಆ ಪ್ರಮಾಣಕ್ಕೆ ತಾಳಬಲ್ಲವನಾಗಿದ್ದ ಎಂದು ಟೇಲರನೇ ಬರೆದಿದ್ದಾನೆ. ಉಳಿದ ಏಳು ಜನ ಏನಾಗಬೇಕು? ಸ್ಟಾಪ್‌ವಾಚ್ ಮೇಲಿನ ಸಿಟ್ಟು ಹುಟ್ಟಿದ್ದು ಈ ಪ್ರಶ್ನೆಯಿಂದ. 1911ರ ಆಗಸ್ಟಿನಲ್ಲಿ ಅಲ್ಲಿನ ಸರ್ಕಾರದ ವಾಟರ್‌ಟೌನ್ ಶಸ್ತ್ರಾಗಾರದ ಎರಕದ ಕೆಲಸಗಾರರು ಗಡಿಯಾರದವನು ಬಂದ ಎಂದು ಕೆಲಸ ಬಿಟ್ಟು ಹೊರನಡೆದರು. ವಿಷಯ ಅಮೆರಿಕದ ಸಂಸತ್ತಿನವರೆಗೆ ಹೋಯಿತು. 1915ರಲ್ಲಿ ಸರ್ಕಾರಿ ಶಸ್ತ್ರಾಗಾರಗಳಲ್ಲಿ ಸ್ಟಾಪ್‌ವಾಚನ್ನೇ ನಿಷೇಧಿಸಿದರು, ಆ ನಿಷೇಧ ತೆಗೆದದ್ದು 1949ರಲ್ಲಿ.

ಇದೇ ಟೇಲರ್ ಹೇಳಿದ ಇನ್ನೊಂದು ಮಾತನ್ನು ಮಾಲೀಕರು ಎಂದೂ ಎತ್ತುವುದಿಲ್ಲ. ಆ ಭಾರ ಹೊರುವವನ ತೋಳ ಮೇಲೆ ದಿನದ ಶೇ 43ರಷ್ಟು ಹೊತ್ತು ಮಾತ್ರ ಭಾರ ಇರಬೇಕು, ಉಳಿದ ಶೇ 57ರಷ್ಟು ಹೊತ್ತು ಅವನು ಭಾರವಿಲ್ಲದೆ ಇರಬೇಕು ಎಂಬುದು ಅವನ ಲೆಕ್ಕ. ಕಾರ್ಮಿಕರ ಪರ ಎಂದು ಯಾರೂ ಕರೆಯದ ಮನುಷ್ಯ, ಅಷ್ಟು ಕೆಲಸ ಹಿಂಡಿದವನು, ಅವನೇ ವಿಶ್ರಾಂತಿಯನ್ನು ಅರ್ಧಕ್ಕಿಂತ ಹೆಚ್ಚಿಗೆ ಇಟ್ಟ. ಅವನ ಗಟ್ಟಿ 42 ಕೆ.ಜಿ., ನಮ್ಮ ಬೇಳೆ ಚೀಲ 50 ಕೆ.ಜಿ. ಗಂಜಿನಲ್ಲಿ ಹಮಾಲರು ಒಟ್ಟಿದ ಚೀಲಗಳ ಥಪ್ಪಿಗೆ ಒರಗಿ ಎರಡು ನಿಮಿಷ ಕೂತರೆ ‘ಕೆಲಸಗಳ್ಳರು’ ಅನ್ನುವವರು ಈ ಅಂಕಿಯನ್ನು ಗೋಡೆಗೆ ಬರೆದು ಹಚ್ಚಿಕೊಳ್ಳಬೇಕು.

ಈಗ ನಮ್ಮ ಕಡೆ ಅಳತೆ ಹೇಗೆ ನಡೆಯುತ್ತದೆ ಹೇಳುತ್ತೇನೆ. ನಾನು ನೋಡಿದ ಒಂದು ಮಿಲ್ಲು, ಹೆಸರು ಬೇಡ. ಸುಗ್ಗಿಯ ತಂಪಿನಲ್ಲಿ, ಬೆಳಗಿನ ಹೊತ್ತು, ಇದ್ದವರಲ್ಲಿ ಚುರುಕಿನ ಹುಡುಗನೊಬ್ಬನನ್ನು ಮೊಬೈಲಿನಲ್ಲಿ ಸ್ವಲ್ಪ ಹೊತ್ತು ವಿಡಿಯೊ ಮಾಡಿದ್ದಾರೆ. ಅವನ ಚೀಲ ಎಣಿಸಿದ್ದಾರೆ, ದಿನದ ತಾಸಿಗೆ ಗುಣಿಸಿದ್ದಾರೆ, ಅದೇ ಎಲ್ಲರ ಟಾರ್ಗೆಟ್. ಅಲ್ಲಿನ ಹಿರಿಯ ಹಮಾಲರೊಬ್ಬರು ನನಗೆ ಹೇಳಿದ್ದು: “ಸರ್ರ, ಆ ಹುಡ್ಗ ಮುಂಜಾನೆ ಹಂಗೇ ಓಡ್ತಾನ್ರಿ. ಸಂಜಿ ನಾಕಕ್ಕ ಬಂದ್ ನೋಡ್ರಿ ಅವನ್ನ.” ಒಂದು ವರ್ಷ ತರಗತಿಯಲ್ಲಿ ಕೂತು ಕಲಿಯುವ ಪಾಠವನ್ನು ಅವರು ಎರಡು ವಾಕ್ಯದಲ್ಲಿ ಮುಗಿಸಿದರು.

ಸರಿಯಾದ ಅಳತೆ ಅಂದರೆ ಏನು ಎಂದು ಒಂದು ಲೆಕ್ಕದಲ್ಲೇ ತೋರಿಸುತ್ತೇನೆ. ಅಂಕಿಗಳು ಉದಾಹರಣೆಗೆ ನಾನು ಇಟ್ಟುಕೊಂಡವು, ಕ್ರಮ ಮಾತ್ರ ಇಡೀ ಜಗತ್ತಿನಲ್ಲಿ ನಡೆಯುವಂಥದ್ದು. ಬೇಳೆ ತುಂಬುವ ಕೆಲಸ ತಗೊಳ್ಳಿ. ಖಾಲಿ ಚೀಲದ ಬಾಯಿ ಬಿಡಿಸಬೇಕು, ಕೊಳವೆಗೆ ಹಿಡಿಯಬೇಕು, ತುಂಬಿದ ಮೇಲೆ ತೂಕದ ಕಾಟಾಕ್ಕೆ ಇಟ್ಟು ಹೆಚ್ಚುಕಡಿಮೆ ಸರಿ ಮಾಡಬೇಕು, ಬಾಯಿ ಹೊಲಿಯಬೇಕು, ಎತ್ತಿ ಥಪ್ಪಿ ಹಚ್ಚಬೇಕು. ಇಷ್ಟಕ್ಕೂ ಆ ಹುಡುಗನಿಗೆ ಸರಾಸರಿ 60 ಸೆಕೆಂಡ್ ಹಿಡಿಯಿತು ಅಂತ ಇಟ್ಟುಕೊಳ್ಳೋಣ. ಸಾಧಾರಣ ವೇಗವನ್ನು 100 ಎಂದು ಹಿಡಿದರೆ ಅವನು ಅದಕ್ಕಿಂತ ಶೇ 10ರಷ್ಟು ಚುರುಕು. ಹಾಗಾಗಿ ಅವನ ರೇಟಿಂಗ್ 110. ಅಂದರೆ ಕೆಲಸ ಬಲ್ಲ ಸಾಧಾರಣ ಆಳಿಗೆ 66 ಸೆಕೆಂಡ್ ಬೇಕು. ಇದರ ಮೇಲೆ ಅಲವೆನ್ಸ್, ಅಂದರೆ ಬಿಡುವಿಗೆಂದು ಕೂಡಿಸುವ ವೇಳೆ, ಸೇರಬೇಕು. ನೀರು ಕುಡಿಯುವುದು, ಮೂತ್ರಕ್ಕೆ ಹೋಗುವುದು, ದಣಿವು ಆರಿಸಿಕೊಳ್ಳುವುದು, ಧೂಳು, ಭಾರ. ಶೇ 20 ಅಂತ ಹಿಡಿದರೆ 79 ಸೆಕೆಂಡ್ ಮೇಲೆ ಬಂತು. ಅಂತರ ಸಣ್ಣದು ಅನ್ನಿಸುತ್ತದೆ, ಅಲ್ಲವೇ? ಊಟದ ಅರ್ಧ ತಾಸು ಕಳೆದು ಏಳೂವರೆ ತಾಸಿನ ದಿನಕ್ಕೆ ಲೆಕ್ಕ ಹಾಕಿ. ಮೊಬೈಲ್ ಲೆಕ್ಕದಲ್ಲಿ 450 ಚೀಲ. ಸರಿಯಾದ ಲೆಕ್ಕದಲ್ಲಿ 340ರ ಆಸುಪಾಸು. ನಡುವಿನ ಆ ನೂರಕ್ಕೂ ಹೆಚ್ಚು ಚೀಲವನ್ನು 50 ಕೆ.ಜಿ.ಯಿಂದ ಗುಣಿಸಿದರೆ ಐದು ಟನ್ ದಾಟುತ್ತದೆ. ಒಬ್ಬ ಮನುಷ್ಯನ ನಡ ಮುರಿದು ದಿನಾ ಐದು ಟನ್ ಬಿಟ್ಟಿ ಎತ್ತಿಸಿದ ಹಾಗೆ.

ಅಲವೆನ್ಸ್ ಎಂಬುದು ಮಾಲೀಕರು ದೊಡ್ಡ ಮನಸ್ಸು ಮಾಡಿ ಕೊಡುವ ರಿಯಾಯಿತಿ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಅದು ಕೆಲಸದ ವೇಳೆಯ ಒಳಗೇ ಬರುವ ಭಾಗ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ವರ್ಕ್ ಸ್ಟಡಿ (ಕೆಲಸದ ಅಧ್ಯಯನ) ಕೈಪಿಡಿ ಮೊದಲ ಬಾರಿ ಬಂದದ್ದು 1957ರಲ್ಲಿ, ನಮ್ಮ ಕಸುಬಿನವರಿಗೆಲ್ಲ ಅದೇ ದಾರಿ. ಅದರ ರೂಢಿಯ ಪಟ್ಟಿಯಲ್ಲಿ ಕೂತು ಹಗುರ ಕೆಲಸ ಮಾಡುವ ಗಂಡಸಿಗೂ ಸ್ವಂತದ ಅಗತ್ಯಕ್ಕೆ ಶೇ 5, ಮೂಲ ದಣಿವಿಗೆ ಶೇ 4 ಇದೆ. ಹೆಂಗಸರಿಗೆ ಸ್ವಂತದ ಅಗತ್ಯಕ್ಕೆ ಶೇ 7. ನಿಂತು ಮಾಡಬೇಕಾದರೆ, ಬಾಗಬೇಕಾದರೆ, ಭಾರ ಎತ್ತಬೇಕಾದರೆ, ಶಾಖವಿದ್ದರೆ ಅದರ ಮೇಲೆ ಮೇಲೆ ಸೇರುತ್ತಾ ಹೋಗುತ್ತದೆ. ಹಾಗಿರುವಾಗ ಕಪನೂರಿನ ತಗಡಿನ ಶೆಡ್ಡಿನಲ್ಲಿ 50 ಕೆ.ಜಿ. ಚೀಲಕ್ಕೆ ಸೊನ್ನೆ ಅಲವೆನ್ಸ್ ಇಡುವುದನ್ನು ಲೆಕ್ಕ ಅನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಶಾಖದ ಮಾತಿಗೆ ಬರುತ್ತೇನೆ, ಯಾಕೆಂದರೆ ನಮ್ಮ ಕಡೆಯ ನಿಜವಾದ ವಿಷಯ ಇದೇ. ಅದೇ ಸಂಘಟನೆ 2019ರಲ್ಲಿ ಕೊಟ್ಟ ವರದಿಯಲ್ಲಿ, ಉಷ್ಣಾಂಶ 33-34 ಡಿಗ್ರಿ ಇದ್ದಾಗ ಮಧ್ಯಮ ಶ್ರಮದ ಕೆಲಸ ಮಾಡುವವರ ದುಡಿಯುವ ಶಕ್ತಿ ಅರ್ಧಕ್ಕೆ ಇಳಿಯಬಹುದು ಎಂದಿದೆ. ನಮ್ಮಲ್ಲಿ ಮೇ ತಿಂಗಳಲ್ಲಿ 42 ಡಿಗ್ರಿ ಸುದ್ದಿಯೇ ಅಲ್ಲ. ತೊಗರಿ ಒಣಗುವುದಕ್ಕೆ ಬಿಸಿಲೇ ಬೇಕು, ಹಾಗಾಗಿ ಡ್ರೈಯರ್ ಇಲ್ಲದ ಮಿಲ್ಲುಗಳಲ್ಲಿ ಹೆಣ್ಣುಮಕ್ಕಳು ಕೆಲಸಕ್ಕೆ ಇಳಿಯುವುದು ಬಿಸಿಲು ಏರಿದ ಮೇಲೆಯೇ. ಕಾದ ಗಚ್ಚಿನ ಮೇಲೆ ಹರವಿದ ಕಾಳನ್ನು ತಿರುವಿ ಹಾಕುತ್ತಾ, ಸೆರಗನ್ನು ತಲೆಗೆ ಬಿಗಿದು, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗಿ ಬರುತ್ತಿರುತ್ತಾರೆ. ಅವರ ಕೆಲಸಕ್ಕೆ ಅಳತೆಯೇ ಇಲ್ಲ, ದಿನಗೂಲಿ. ಅಳತೆ ಇಲ್ಲದ್ದರಿಂದ ಅವರ ದಣಿವೂ ಯಾವ ಹಾಳೆಯಲ್ಲೂ ಇಲ್ಲ. ಕಾಳನ್ನು ಬಣ್ಣ ನೋಡಿ ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರಕ್ಕೆ ಎಷ್ಟು ತಾಸಿಗೊಮ್ಮೆ ಏನು ನೋಡಬೇಕು ಎಂಬ ಪಟ್ಟಿ ಗೋಡೆಗೆ ಅಂಟಿಸಿರುತ್ತಾರೆ. ಈ ಹೆಣ್ಣುಮಕ್ಕಳು ಎಷ್ಟು ಹೊತ್ತಿಗೊಮ್ಮೆ ನೆರಳಿಗೆ ಬರಬೇಕು ಎಂಬ ಪಟ್ಟಿಯನ್ನು ನಾನು ಯಾವ ಮಿಲ್ಲಿನಲ್ಲೂ ನೋಡಿಲ್ಲ.

ಇದು ಆಗದ ಮಾತು ಅನ್ನುವವರು ನರೇಗಾ ನೋಡಲಿ. ಆ ಕಾಯ್ದೆಯ ಅನುಸೂಚಿಯಲ್ಲೇ ಈ ತತ್ವ ಬರೆದಿಟ್ಟರು. ಒಂದು ತಾಸಿನ ವಿಶ್ರಾಂತಿ ಸೇರಿ ಎಂಟು ತಾಸು ದುಡಿದವರಿಗೆ ಆ ದಿನದ ಪೂರ್ತಿ ಕೂಲಿ ದಕ್ಕುವ ಹಾಗೆ ದರಪಟ್ಟಿ ಇರಬೇಕು, ಅದಕ್ಕೆ ಕೆಲಸ ಮತ್ತು ಸಮಯದ ಅಧ್ಯಯನ ಮಾಡಬೇಕು, ಹೆಂಗಸರು, ವಯಸ್ಸಾದವರು, ಅಂಗವಿಕಲರಿಗೆ ಬೇರೆ ದರ ಇರಬೇಕು ಎಂದು. ಬೇಸಿಗೆಯಲ್ಲಿ ನಮ್ಮ ವಿಭಾಗದ ಕೂಲಿಕಾರರಿಗೆ ಕೆಲಸದ ಪ್ರಮಾಣದಲ್ಲಿ ಶೇ 30ರವರೆಗೂ ರಿಯಾಯಿತಿ ಕೊಟ್ಟದ್ದಿದೆ. ಯರಿ (ಕಪ್ಪು ಮಣ್ಣಿನ) ಭೂಮಿಯಲ್ಲಿ ಅಗೆಯುವುದು ಬೇರೆ, ಗಟ್ಟಿ ಗರಸಿನಲ್ಲಿ ಅಗೆಯುವುದು ಬೇರೆ ಎಂದು ಅಲ್ಲಿ ಲೆಕ್ಕವಿತ್ತು. ಜಾರಿಯಲ್ಲಿ ಸಾವಿರ ಹುಳುಕು ಇದ್ದಿರಬಹುದು, ಅಳತೆ ಪುಸ್ತಕ ಬರೆಯುವವರ ಜೊತೆ ಜಗಳವಾಡಿದ ಕೂಲಿಕಾರರು ಯಾದಗಿರಿಯ ಹಳ್ಳಿಹಳ್ಳಿಯಲ್ಲೂ ಸಿಗುತ್ತಾರೆ. ಆದರೆ ಜಗಳವಾಡಲು ಅವರಿಗೊಂದು ಅಳತೆ ಇತ್ತಲ್ಲ! ಕೆರೆಯಲ್ಲಿ ಹೂಳೆತ್ತುವವರಿಗೆ ಸಿಕ್ಕ ಆ ಮಾತು, ಅದೇ ಹಳ್ಳಿಯಿಂದ ಬಸ್ಸು ಹಿಡಿದು ಕಪನೂರಿಗೆ ಬರುವವರಿಗೆ ಯಾಕೆ ಸಿಗಬಾರದು?

ಕಾಯ್ದೆಯ ಒಂದು ಮಾತು ಎಲ್ಲರಿಗೂ ಗೊತ್ತಿರಲಿ. ಚೀಲದ ಲೆಕ್ಕದಲ್ಲಿ ದುಡಿಯುವವರಿಗೆ ಪ್ರತ್ಯೇಕ ತುಂಡುದರ ನಿಗದಿಯಾಗಿರದೆ ದಿನದ ಕನಿಷ್ಠ ಕೂಲಿ ಮಾತ್ರ ನಿಗದಿಯಾಗಿದ್ದರೆ, ಅದಕ್ಕಿಂತ ಕಡಿಮೆ ಕೊಡುವ ಹಾಗಿಲ್ಲ ಎಂದು 1948ರ ಕನಿಷ್ಠ ವೇತನ ಕಾಯ್ದೆಯೇ ಹೇಳಿತ್ತು. ಟಾರ್ಗೆಟ್ ಮುಟ್ಟಲಿಲ್ಲ ಎಂದು ಹಾಜರಿ ಅರ್ಧ ಮಾಡುವುದು ಈ ಮಾತಿಗೆ ವಿರುದ್ಧ.

ಮಿಲ್ಲಿನವರ ಕಷ್ಟವೂ ನನಗೆ ಗೊತ್ತಿದೆ. ಮಹಾರಾಷ್ಟ್ರದ ಲಾತೂರು, ಅಕೋಲಾದವರ ಜೊತೆ ಪೈಪೋಟಿ, ಮ್ಯಾನ್ಮಾರ್‌ನಿಂದ, ಆಫ್ರಿಕಾದಿಂದ ಬರುವ ತೊಗರಿ, ದರ ಒಂದು ವಾರ ಇದ್ದಂತೆ ಇನ್ನೊಂದು ವಾರ ಇಲ್ಲ. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕರೂ ಮಾರುಕಟ್ಟೆ ಏನೂ ಮೆತ್ತಗಾಗಲಿಲ್ಲ. ಆದರೆ ಅವರ ಹಣ ಸೋರುವುದು ಹಮಾಲರು ಕೂತಲ್ಲಿ ಎಂಬುದು ತಪ್ಪು ತಿಳಿವಳಿಕೆ. ಲಾರಿ ಬರಲಿಲ್ಲ, ಬಾರದಾನ (ಖಾಲಿ ಚೀಲ) ಸಾಲಲಿಲ್ಲ, ಕರೆಂಟ್ ಹೋಯಿತು, ಕಾಟಾ ಕೆಟ್ಟಿತು: ದಿನದ ವೇಳೆ ಹೋಗುವುದು ಇಲ್ಲಿ. ಇದನ್ನು ಕಂಡುಹಿಡಿಯಲು ಸ್ಟಾಪ್‌ವಾಚ್ ಕೂಡ ಬೇಡ. ಬ್ರಿಟನ್ನಿನ ಹತ್ತಿ ಗಿರಣಿಗಳಲ್ಲಿ ಟಿಪ್ಪೆಟ್ ಎಂಬ ಸಂಖ್ಯಾಶಾಸ್ತ್ರಜ್ಞ 1930ರ ದಶಕದಲ್ಲಿ ಒಂದು ಸರಳ ದಾರಿ ಹಾಕಿಕೊಟ್ಟ. ದಿನದಲ್ಲಿ ಗೊತ್ತುಗುರಿಯಿಲ್ಲದ ಹೊತ್ತುಗಳನ್ನು ಮೊದಲೇ ಚೀಟಿ ಎತ್ತಿ ಆರಿಸಿಕೊಂಡು, ಆ ಹೊತ್ತಿಗೆ ಹೋಗಿ ಒಂದು ಸಲ ಕಣ್ಣು ಹಾಯಿಸಿ ಬರುವುದು. ಕೆಲಸ ನಡೆದಿದೆಯೇ, ಕಾಯುತ್ತಿದ್ದಾರೆಯೇ, ವಿಶ್ರಾಂತಿಯೇ, ಒಂದು ಗೀಟು ಹಾಕುವುದು. ಕೆಲವು ವಾರ ಹೀಗೆ ಗೀಟು ಕೂಡಿದರೆ ದಿನ ಎಲ್ಲಿ ಹೋಗುತ್ತಿದೆ ಎಂದು ತಾನೇ ಕಾಣುತ್ತದೆ. ಡಿಗ್ರಿ ಬೇಕಿಲ್ಲ, ಮಿಲ್ಲಿನ ಗುಮಾಸ್ತರೂ ಮಾಡಬಹುದು. ಕಾಯುವ ಹೊತ್ತು ತಗ್ಗಿಸಿದರೆ ಯಾರ ನಡವನ್ನೂ ಮುರಿಯದೆ ಚೀಲ ಹೆಚ್ಚಾಗುತ್ತವೆ. ನಾನು ಸಲಹೆ ಕೊಡುವ ಜಾಗಗಳಲ್ಲಿ ಮೊದಲು ಮಾಡಿಸುವುದೇ ಇದು, ಆಳಿನ ವೇಗದ ಮಾತು ಆಮೇಲೆ.

ಮತ್ತೊಂದು ಮಾತಿಗೆ ನಾನು ಜಗ್ಗುವುದಿಲ್ಲ. ಅಳೆಯುವ ದಿನ ಕೆಲಸಗಾರರಿಗೆ ಮೊದಲೇ ಹೇಳಿರಬೇಕು, ಅವರ ಕಡೆಯವರೊಬ್ಬರು ಪಕ್ಕದಲ್ಲಿ ನಿಂತಿರಬೇಕು, ಹಾಳೆಯ ಒಂದು ಪ್ರತಿ ಅವರ ಕೈಗೆ ಹೋಗಬೇಕು, ಕನ್ನಡದಲ್ಲಿ. ಕದ್ದು ಮಾಡಿದ ವಿಡಿಯೊದಿಂದ ಬಂದ ಅಂಕಿಗೆ ನಾನು ಸಹಿ ಹಾಕಿಲ್ಲ, ಹಾಕುವುದೂ ಇಲ್ಲ. ಮುಚ್ಚಿಹೋದ ಎಂಎಸ್‌ಕೆ ಬಟ್ಟೆ ಮಿಲ್ಲಿನಲ್ಲಿ ದುಡಿದವರು ಇನ್ನೂ ನಮ್ಮ ಓಣಿಗಳಲ್ಲಿದ್ದಾರೆ. ಎಷ್ಟು ಕೆಲಸಕ್ಕೆ ಎಷ್ಟು ಪಗಾರ ಎಂದು ಎದುರುಬದುರು ಕೂತು ಮಾತಾಡುವ ರೂಢಿ ಈ ಊರಿಗೆ ಹೊಸದಲ್ಲ.

ಹೊಸ ತೊಗರಿ ಗಂಜಿಗೆ ಬರುವುದು ಡಿಸೆಂಬರ್-ಜನವರಿಗೆ. ಮಿಲ್ಲಿನವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಆ ಹೊತ್ತಿಗೆ ಒಂದು ಸಲ, ಮೇ ತಿಂಗಳ ಎರಡನೇ ವಾರದಲ್ಲಿ ಮಧ್ಯಾಹ್ನ ಇನ್ನೊಂದು ಸಲ ಅದೇ ಕೆಲಸ ಅಳೆಯೋಣ. ನಾನು ಬರುತ್ತೇನೆ, ಫೀಸು ಬೇಡ. ಎರಡು ಹಾಳೆ ಬೇರೆ ಬೇರೆ ಅಂಕಿ ಹೇಳಿದರೆ ಎರಡು ಟಾರ್ಗೆಟ್ ಇಡಿ. ಹಮಾಲರ ಸಂಘದವರೂ ಮೆಸೇಜ್ ಮಾಡಬಹುದು. ಲೆಕ್ಕ ಹಾಕುವ ಕ್ರಮವನ್ನು ಒಂದು ಭಾನುವಾರ ಕೂತು ಹೇಳಿಕೊಡುತ್ತೇನೆ, ನಾಲ್ಕು ಜನ ಬಂದರೂ ಸಾಕು.