ಹೇಗ್‌ಗೆ ಹೋದ ಇಬ್ಬರು ರಾಯಭಾರಿಗಳು

ಬ್ರಿಟನ್ನಿನ ಪ್ರಧಾನಿಯ ನಿವಾಸವಿರುವ ಡೌನಿಂಗ್ ಸ್ಟ್ರೀಟನ್ನು ಕಟ್ಟಿಸಿದ ಜಾರ್ಜ್ ಡೌನಿಂಗ್, 17ನೆಯ ಶತಮಾನದಲ್ಲಿ ಡಚ್ ಗಣರಾಜ್ಯದ ಹೇಗ್ ನಗರದಲ್ಲಿ ಇಂಗ್ಲೆಂಡಿನ ರಾಯಭಾರಿಯಾಗಿದ್ದವನು. ಒಂದನೆಯ ಚಾರ್ಲ್ಸ್ ದೊರೆಯ ಮರಣದಂಡನೆಗೆ ಸಹಿ ಹಾಕಿದ್ದ ಮೂವರು 1662ರಲ್ಲಿ ಡೆಲ್ಫ್ಟ್‌ಗೆ ಬಂದಿದ್ದಾಗ ಅವರನ್ನು ಹಿಡಿಸಿ ಲಂಡನ್ನಿನ ಗಲ್ಲಿಗೆ ಕಳಿಸಿದ. ಅವರಲ್ಲೊಬ್ಬನಾದ ಜಾನ್ ಓಕಿಯ ದಳದಲ್ಲೇ ಡೌನಿಂಗ್ ಹಿಂದೆ ಪಾದ್ರಿಯಾಗಿದ್ದ. ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ. ಡಚ್ ನಾಯಕ ಯೋಹಾನ್ ಡಿ ವಿಟ್ ಮಲಗಿದ್ದಾಗ ಆತನ ಜೇಬಿನಿಂದ ಕೀಲಿಕೈ ತೆಗೆಸಿ, ಗುಪ್ತ ಕಾಗದಗಳನ್ನು ತರಿಸಿ ನೋಡಿ, ಮತ್ತೆ ಇದ್ದಲ್ಲೇ ಇಡಿಸುತ್ತಿದ್ದೆನೆಂದು ಡೌನಿಂಗ್ ತಾನೇ ಕೊಚ್ಚಿಕೊಂಡದ್ದನ್ನು ಸ್ಯಾಮ್ಯುಯೆಲ್ ಪೀಪ್ಸ್ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ.

ಆದರೂ ಡಚ್ಚರಿಗೆ ಹೆಚ್ಚಿನ ಕೇಡಾದದ್ದು ಈ ಖದೀಮನಿಂದಲ್ಲ, ಅವನ ನಂತರ ಹೇಗ್‌ಗೆ ಬಂದ ಇಂಗ್ಲೆಂಡಿನ ರಾಯಭಾರಿ, ಪ್ರಾಮಾಣಿಕನಾದ ವಿಲಿಯಂ ಟೆಂಪಲ್‌ನಿಂದ ಎಂಬುದು ನನ್ನ ಅನಿಸಿಕೆ.

ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ದಂಡು ಸ್ಪೇನಿನ ವಶದಲ್ಲಿದ್ದ ನೆದರ್ಲೆಂಡ್ಸ್‌ಗೆ (ಹೆಚ್ಚುಕಡಿಮೆ ಇಂದಿನ ಬೆಲ್ಜಿಯಂ) ನುಗ್ಗಿದ್ದ ಕಾಲವದು. 1668ರ ಜನವರಿಯಲ್ಲಿ ಹೇಗ್‌ಗೆ ಬಂದ ಟೆಂಪಲ್, ಲೂಯಿಯನ್ನು ತಡೆಯಲು ಐದೇ ದಿನಗಳಲ್ಲಿ ಇಂಗ್ಲೆಂಡಿಗೂ ಡಚ್ಚರಿಗೂ ಒಡಂಬಡಿಕೆ ಮಾಡಿಸಿದ. ಸ್ವೀಡನ್ ಸೇರಿದ ಮೇಲೆ ಅದು ತ್ರಿರಾಷ್ಟ್ರ ಮೈತ್ರಿಯಾಯಿತು. ಅಂಥ ಒಪ್ಪಂದಕ್ಕೆ ಡಚ್ಚರ ಏಳು ಪ್ರಾಂತ್ಯಗಳೂ ಮೊದಲು ಒಪ್ಪಬೇಕಿತ್ತು, ಅದಕ್ಕೆ ವಾರಗಳೇ ಹಿಡಿಯುತ್ತಿದ್ದವು. ಟೆಂಪಲ್‌ನ ಮಾತನ್ನು ನಂಬಿದ ಡಿ ವಿಟ್ ಆ ಪದ್ಧತಿಯನ್ನೇ ಬದಿಗಿಟ್ಟು ಸಹಿ ಹಾಕಿಸಿದ. ಡೌನಿಂಗ್ ಬಂದು ಕೇಳಿದ್ದರೆ ಹಾಕಿಸುತ್ತಿದ್ದನೇ?

ಟೆಂಪಲ್ ಸುಳ್ಳು ಹೇಳಿರಲಿಲ್ಲ. ಆದರೆ 1670ರಲ್ಲಿ ಅವನ ದೊರೆ ಎರಡನೆಯ ಚಾರ್ಲ್ಸ್, ಲೂಯಿಯಿಂದ ಹಣ ಪಡೆದು ಡಚ್ಚರ ಮೇಲೆ ಯುದ್ಧ ಮಾಡುವುದಾಗಿ ಡೋವರ್‌ನಲ್ಲಿ ಗುಟ್ಟಾಗಿ ಒಪ್ಪಿಕೊಂಡ, ಟೆಂಪಲ್‌ಗೆ ಅದರ ಸುಳಿವನ್ನೂ ಕೊಡಲಿಲ್ಲ. ಏನೂ ತಿಳಿಯದ ರಾಯಭಾರಿಯ ಮುಖದಲ್ಲಿ ಕಳ್ಳತನ ಕಾಣುವುದಾದರೂ ಹೇಗೆ?

ಯುದ್ಧಕ್ಕೊಂದು ನೆಪ ಬೇಕಿತ್ತು. 1671ರಲ್ಲಿ ಟೆಂಪಲ್‌ನ ಹೆಂಡತಿಯನ್ನು ಇಂಗ್ಲೆಂಡಿಗೆ ಕರೆತರುತ್ತಿದ್ದ ಮರ್ಲಿನ್ ಎಂಬ ಸಣ್ಣ ಇಂಗ್ಲಿಷ್ ಹಡಗು, ಲಂಗರು ಹಾಕಿದ್ದ ಡಚ್ ನೌಕಾಪಡೆಯ ನಡುವೆ ಹಾಯ್ದು, ಬಾವುಟ ಇಳಿಸಿ ವಂದಿಸಿರೆಂದು ಗುಂಡು ಹಾರಿಸಿತು. ಡಚ್ಚರು ಬಾವುಟ ಇಳಿಸಲಿಲ್ಲ. ಇನ್ನೂ ಗಟ್ಟಿಯಾಗಿ ಕೆಣಕಲಿಲ್ಲವೆಂದು ಆ ಹಡಗಿನ ಕಪ್ತಾನನನ್ನೇ ಲಂಡನ್ನಿನಲ್ಲಿ ಸೆರೆಯಲ್ಲಿಟ್ಟರು. ಜಗಳ ಬೆಳೆಸಲೆಂದೇ ಹೇಗ್‌ಗೆ ಮತ್ತೆ ಡೌನಿಂಗ್ ಹೋದ, ಜನರ ರೋಷಕ್ಕೆ ಹೆದರಿ ಓಡಿಬಂದ.

ಯುದ್ಧ ನಡೆದು 1674ರಲ್ಲಿ ಸಂಧಿಯಾದಾಗ ಚಾರ್ಲ್ಸ್ ಹೇಗ್‌ಗೆ ಕಳಿಸಿದ್ದು ಪುನಃ ಟೆಂಪಲ್‌ನನ್ನೇ. ಅವನನ್ನು ನಂಬಿದ್ದ ಡಿ ವಿಟ್ ಮಾತ್ರ ಅಲ್ಲಿರಲಿಲ್ಲ. ಯುದ್ಧದ ಸೋಲಿನಿಂದ ಕೆರಳಿದ ಗುಂಪು 1672ರ ಆಗಸ್ಟ್‌ನಲ್ಲಿ ಅವನನ್ನೂ ಅವನ ಅಣ್ಣನನ್ನೂ ಅದೇ ಊರಿನಲ್ಲಿ ಕೊಂದುಹಾಕಿತ್ತು.