ಒಂದೇ ರೀಡಿಂಗ್ ನೋಡಿ ಬಿಪಿ ಅಂದುಬಿಡೋದಾ?

‘140/90 ಬಂತೆಂದರೆ ನಿಮಗೆ ಬಿಪಿ ಇದೆ ಎಂದೇ ಅರ್ಥ’ ಎಂಬ ನಿಮ್ಮ ಬರಹದ ಸಾಲನ್ನು ಒಪ್ಪುವುದು ಕಷ್ಟ. ಯಾವಾಗ, ಹೇಗೆ, ಎಷ್ಟು ಸಲ ನೋಡಿದಾಗ ಬಂದದ್ದು? ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಲೇ ತೋಳಿಗೆ ಬಿಪಿ ಯಂತ್ರದ ಪಟ್ಟಿ ಕಟ್ಟಿಸಿಕೊಂಡರೆ ಯಾರಿಗಾದರೂ ಜಾಸ್ತಿಯೇ ತೋರಿಸುತ್ತದೆ, ಅಲ್ವಾ? ಕೈ ಸುಮ್ನೆ ಕೆಳಗೆ ಜೋತುಬಿದ್ದಿದ್ದರೂ ಏರುತ್ತದೆ. ಅದು ಎದೆಯ ಮಟ್ಟದಲ್ಲಿ, ಮೇಜಿನ ಮೇಲೆ ಇರಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರಂತೂ ಇಲ್ಲದ ಬಿಪಿ ಹುಟ್ಟಿಕೊಳ್ಳುತ್ತದೆ.

ನಮ್ಮ ಅಪ್ಪನಿಗೆ ಕ್ಲಿನಿಕ್‌ನಲ್ಲಿ ಮೊದಲ ಅಂಕಿ ಯಾವಾಗಲೂ 150ರ ಮೇಲೆ. ಮನೆಯಲ್ಲಿ ಬೆನ್ನು ಒರಗಿಸಿ, 5 ನಿಮಿಷ ಮಾತಾಡದೆ ಕೂತು ನೋಡಿದರೆ 128ರ ಆಸುಪಾಸು. (ಮಾತಾಡದೆ ಕೂರಿಸುವುದೇ ದೊಡ್ಡ ಕೆಲಸ ಬಿಡಿ.) ಇದರ ಉಲ್ಟಾ ಕೂಡ ಇದೆ: ಡಾಕ್ಟರ ಮುಂದೆ ಸರಿ, ಮನೆಯಲ್ಲಿ ಜಾಸ್ತಿ. ಇದು ಹೆಚ್ಚು ಅಪಾಯ, ಯಾಕೆಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಾಗಿ ಒಂದು ವಾರ ಬೆಳಿಗ್ಗೆ, ಸಂಜೆ ಎರಡೆರಡು ಸಲ ನೋಡಿ ಬರೆದಿಟ್ಟು, ಮೊದಲ ದಿನದ್ದನ್ನು ಬಿಟ್ಟು ಸರಾಸರಿ ತೆಗೆಯಿರಿ ಅನ್ನುತ್ತಾರೆ.

ಇನ್ನೊಂದು, ಮನೆಯ ಅಳತೆಗೆ ಗಡಿ 140/90 ಅಲ್ಲ, 135/85. ಅಮೆರಿಕದ 2017ರ ಮಾರ್ಗಸೂಚಿ 130/80ಕ್ಕೇ ಗೆರೆ ಎಳೆದಿದೆ. ನೀವು ಯಾವ ಲೆಕ್ಕ ಹಿಡಿದಿರಿ ಎಂದು ಬರೆಯಬೇಕಿತ್ತು.

ಆದರೆ 180/120 ದಾಟಿ, ಜೊತೆಗೆ ಎದೆನೋವು ಅಥವಾ ಉಸಿರಾಟದ ತೊಂದರೆ ಇದ್ದರೆ ವಾರಗಟ್ಟಲೆ ಸರಾಸರಿ ನೋಡುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.