ಫೀಸ್ ಕಟ್ಟಿರೋದು ಅವರೆಕಾಳು ಹಿತಕೋಕಾ?

ಇವತ್ತು ಮಧ್ಯಾಹ್ನ ಸ್ಕೂಲ್ ಬಿಡೋ ಹೊತ್ತಿಗೆ ಗೇಟ್ ಹತ್ರ ಒಬ್ಬರು ಅಪ್ಪ ನನ್ನನ್ನ ಕೇಳಿದ ಪ್ರಶ್ನೆ ಇದು. ಸುತ್ತ ಹತ್ತು ಜನ ನಿಂತಿದ್ರು. ನಾನು ನಕ್ಕು ಸುಮ್ಮನಾದೆ. ಗೇಟಿನ ಒಳಗೆ ನಾನು ಮಿಸ್ಸು. ಇದೇ ಮಾತು ಮನೇಲಿ ಯಾರಾದ್ರೂ ಅಂದಿದ್ರೆ ಏನಾಗ್ತಿತ್ತು ಅಂತ ನಿಮಗೆಲ್ಲ ಗೊತ್ತೇ ಇದೆ.

ಆಗಿದ್ದಿಷ್ಟು. ಅವರೆಕಾಯಿ ಕಾಲ. ಅಂತರಸನಹಳ್ಳಿ ಮಾರ್ಕೆಟ್‌ನಿಂದ ಸೊಗಡಿನ ಅವರೆ ತಂದು, ಬಿಡಿಸಿ, ರಾತ್ರಿ ನೆನೆಹಾಕಿ, ಬೆಳಗ್ಗೆ ಡಬ್ಬಿ ತುಂಬ ಎಲ್‌ಕೆಜಿಗೆ ಹೊತ್ಕೊಂಡು ಹೋದೆ. ಚಾಪೆ ಮೇಲೆ 22 ಮಕ್ಕಳು, ಮಧ್ಯದಲ್ಲಿ ತಟ್ಟೆಗಳು. ಒಬ್ಬಳು ಕಾಳನ್ನ ಮೂಗಿಗೆ ತುರುಕೋಕೆ ಹೊರಟಿದ್ದಳು, ಆಯಮ್ಮ ಕೈ ಹಿಡಿದ್ರು. (ಆಯಮ್ಮ ಇಲ್ಲದಿದ್ರೆ ನಾನು ಎಂದೋ ಈ ಕೆಲಸ ಬಿಟ್ಟಿರ್ತಿದ್ದೆ.)

ಅವರಲ್ಲಿ ಒಬ್ಬ ಹುಡುಗ. ಜೂನ್‌ನಲ್ಲಿ ಸೇರಿದಾಗಿನಿಂದ ಎರಡು ತಿಂಗಳು ನನ್ನ ಸೆರಗು ಬಿಟ್ಟಿರಲಿಲ್ಲ. ಪೆನ್ಸಿಲ್ ಕೊಟ್ರೆ ಒನಕೆ ಹಿಡಿದ ಹಾಗೆ ಇಡೀ ಮುಷ್ಟಿಯಲ್ಲಿ ಹಿಡೀತಾನೆ. ಇವತ್ತು ಹೆಬ್ಬೆರಳು, ತೋರುಬೆರಳ ಮಧ್ಯೆ ಕಾಳು ಇಟ್ಟು ಒತ್ತಿದ. ಬೇಳೆ ಪುಸಕ್ಕಂತ ಹಾರಿ ನನ್ನ ಕನ್ನಡಕಕ್ಕೇ ಬಡೀತು. ಬೈತೀನೇನೋ ಅಂತ ನನ್ನ ಮುಖ ನೋಡಿದ. ನಾನು ನಕ್ಕೆ. ಆಮೇಲೆ ಅವನನ್ನ ಹಿಡಿಯೋರೇ ಇಲ್ಲ. ತಟ್ಟೆ ಅಂಚಿಗೆ ಬೇಳೆ ಸಾಲಾಗಿ ಜೋಡಿಸ್ಕೊಂಡು ಎಣಿಸ್ತಿದ್ದ: ಒಂದು, ಎರಡು, ಮೂರು, ನಾಕು, ಐದು, ಐದು, ಐದು, ಐದು.

ಗೇಟ್ ಹತ್ರ ಕೇಳಿದ್ದು ಇವನಪ್ಪನೇ. ಬ್ಯಾಗ್ ತೆಗೆದು, ನೋಟ್‌ಬುಕ್ ತಿರುವಿ ಹಾಕಿ, "ಏನ್ ಮಿಸ್, ಇವತ್ತೂ ಏನೂ ಬರೆಸಿಲ್ವಾ?" ಅಂದ್ರು. ಮಗ ಕೈ ಮುಂದೆ ಚಾಚಿ "ಅಪ್ಪಾ, ವಾಸ್ನೆ ನೋಡು" ಅಂತಿದ್ದ. ನೋಡಲಿಲ್ಲ.

ಏನು ಬರೆಸಿದ್ರಿ, ಎಷ್ಟು ಪುಟ ಬರೆಸಿದ್ರಿ. ಹದಿನಾಲ್ಕು ವರ್ಷದಿಂದ ಇದೇ ರಾಗ. ಮಣಿಕಟ್ಟಲ್ಲಿ 8 ಪುಟ್ಟ ಮೂಳೆ ಇವೆ ಸ್ವಾಮಿ. ಹುಟ್ಟಿದಾಗ ಎಲ್ಲವೂ ಮೆದುಮೂಳೆ. ಮೂರೂವರೆ ವರ್ಷದ ಮಗುವಿನ ಕೈ ಎಕ್ಸ್‌ರೇ ತೆಗೆದ್ರೆ ಅರ್ಧದಷ್ಟೂ ಗಟ್ಟಿಯಾಗಿ ಕಾಣಲ್ಲ. ಆ ಕೈಯಿಂದ ನಾಲ್ಕು ಗೆರೆ ಪುಸ್ತಕದಲ್ಲಿ ಕರ್ಸಿವ್ ಬರೆಸಬೇಕಂತೆ! ಕಾಳು ಹಿತಕೋ ಬೆರಳೇ ನಾಳೆ ಪೆನ್ಸಿಲ್ ಹಿಡಿಯೋದು ಅಂದ್ರೆ ನಂಬಲ್ಲ. ಕಿಂಡರ್‌ಗಾರ್ಟನ್ ಅಂತ 1840ರಲ್ಲಿ ಹೆಸರಿಟ್ಟ ಜರ್ಮನಿಯ ಫ್ರೋಬೆಲ್ ಮಕ್ಕಳ ಕೈಗೆ ಕೊಟ್ಟಿದ್ದೂ ಚೆಂಡು, ಮರದ ತುಂಡುಗಳನ್ನೇ. ಆ ಹೆಸರಿನ ಅರ್ಥ ಮಕ್ಕಳ ತೋಟ. ಈ ಅಪ್ಪನಿಗೂ ಗುಬ್ಬಿ ಕಡೆ ತೋಟ ಇದೆ. ತೆಂಗಿನ ಸಸಿ ನೆಟ್ಟ ವರ್ಷವೇ ಎಳನೀರು ಕೇಳ್ತಾರಾ ಅಂತ ಆಗಲೇ ಕೇಳಬೇಕಿತ್ತು. ನನಗೆ ಇಂಥವೆಲ್ಲ ಹೊಳೆಯೋದು ಮನೆಗೆ ಬಂದು ಪಾತ್ರೆ ತೊಳೆಯುವಾಗ.

"ಒಂದನೇ ಕ್ಲಾಸಿಗೆ ದೊಡ್ಡ ಸ್ಕೂಲಲ್ಲಿ ಟೆಸ್ಟ್ ಮಾಡ್ತಾರೆ, ಬರೆಯೋಕೆ ಬರದಿದ್ರೆ ಸೀಟ್ ಕೊಡಲ್ಲ" ಅಂತ ಹೇಳೋರಿದಾರೆ. ಅವರ ಭಯ ಸುಳ್ಳು ಅನ್ನಲ್ಲ. ಆದ್ರೆ ಸೀಟಿಗಾಗಿ ಮಗುವನ್ನ ಹೀಗೆ ಪರೀಕ್ಷೆ ಮಾಡೋ ಹಾಗಿಲ್ಲ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತೆ. ಆ ಸ್ಕೂಲಿನವರ ಮುಂದೆ ಕೈಕಟ್ಟಿ ನಿಲ್ಲೋರು ನನ್ನ ಮುಂದೆ ಮಾತ್ರ ಜೋರು!

ಒಂದು ವಿಷಯ ಹೇಳಿಬಿಡ್ತೀನಿ. ನನ್ನ ಮಗನಿಗೂ ಮೂರೂವರೆ ವರ್ಷ ಇದ್ದಾಗ ನಾನೇ ಕೈ ಹಿಡಿದು ತಿದ್ದಿಸಿದ್ದೆ. ಅ ಬರೆಯುವಾಗ ಸುಳಿ ತಪ್ಪಿತು ಅಂತ ಸ್ಕೇಲಲ್ಲಿ ಗೆಣ್ಣಿಗೆ ಹೊಡೆದಿದ್ದೆ. ಆಗ ನಾನಿನ್ನೂ ಟೀಚರ್ ಆಗಿರಲಿಲ್ಲ ಅನ್ನೋದು ನೆಪ ಅಷ್ಟೆ. ಈಗ ಪಿಯುಸಿ ಓದ್ತಿದಾನೆ. ಅವನಿಗೆ ನೆನಪಿಲ್ಲವಂತೆ. ನನಗಿದೆ.

ಮಕ್ಕಳು ಹಿತಕಿದ ಬೇಳೆನ ಮನೆಗೇ ತಂದೆ. ನಮ್ಮತ್ತೆ ಮೂಗು ಮುರಿದು, ಮೂರು ನೀರಲ್ಲಿ ತೊಳೆದು, ಸಾರಿಗೆ ಹಾಕಿದ್ರು. ಅರ್ಧಕ್ಕರ್ಧ ಜಜ್ಜಿಹೋಗಿತ್ತು. "ಯಾರೇ ಹಿತಕಿದ್ದು ಇದನ್ನ, ಕೈಯಲ್ಲೋ ಕಾಲಲ್ಲೋ?" ಅಂದ್ರು.